ಮಳೆಸೀಮೆಗೆ ಮೊದಲ ಕ್ಯಾಮೆರಾ: ಕ್ಯಾನನ್ ಆರ್50 ಆಗಬಹುದೇ?

ಮೊದಲ ಸಲ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಮೆಗಾಪಿಕ್ಸೆಲ್?" ಈ ಪ್ರಶ್ನೆಯಿಂದ ಈಗ ಏನೂ ತಿಳಿಯುವುದಿಲ್ಲ. ಆರಂಭಿಕರ ದರ್ಜೆಯ ಕ್ಯಾಮೆರಾಗಳಲ್ಲೆಲ್ಲ 20ರಿಂದ 26 ಮೆಗಾಪಿಕ್ಸೆಲ್ ಇದ್ದೇ ಇರುತ್ತದೆ, ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟಿಗೂ ಅದು ಧಾರಾಳ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಕೇಳಿಕೊಳ್ಳಬೇಕಾದ್ದು ಬೇರೆ ಎರಡು. ಕಾಡಿನ ಮಬ್ಬು ಬೆಳಕಿನಲ್ಲಿ ಕ್ಯಾಮೆರಾ ಜೊತೆ ಕೊಡುವ ಲೆನ್ಸ್ ಎಷ್ಟು ಕೆಲಸ ಮಾಡುತ್ತದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ? ಬಯಲುಸೀಮೆಯವರಿಗೆ ಬರೆದ ಸಲಹೆಗಳಲ್ಲಿ ಈ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಅಂಗಡಿಗಳಲ್ಲಿ ಆರಂಭಿಕರಿಗೆ ಹೆಚ್ಚಾಗಿ ತೋರಿಸುವುದು ಕ್ಯಾನನ್ ಆರ್50. 2023ರಲ್ಲಿ ಬಂದ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇದು. ಎಪಿಎಸ್-ಸಿ ಸೆನ್ಸರ್ (ಚಿತ್ರ ಹಿಡಿಯುವ ಚಿಪ್, ಹಳೆಯ 35 ಎಂಎಂ ಫಿಲ್ಮಿಗಿಂತ ಚಿಕ್ಕದು), 24.2 ಮೆಗಾಪಿಕ್ಸೆಲ್. ಬ್ಯಾಟರಿ, ಕಾರ್ಡ್ ಸೇರಿ ಬಾಡಿಯ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ) ತೂಕ 375 ಗ್ರಾಂ, ಜೊತೆಗೆ ಬರುವ 18-45 ಎಂಎಂ ಜೂಮ್ ಲೆನ್ಸ್ 130 ಗ್ರಾಂ. ಒಟ್ಟು ಅರ್ಧ ಕಿಲೋ. ಕೊಡಚಾದ್ರಿಯನ್ನೋ ಕವಲೇದುರ್ಗವನ್ನೋ ಹತ್ತುವಾಗ ಈ ತೂಕದ ಬೆಲೆ ಗೊತ್ತಾಗುತ್ತದೆ. ಭಾರದ ಕ್ಯಾಮೆರಾ ಕೊಂಡವರಲ್ಲಿ ಬಹಳ ಜನ ಆರು ತಿಂಗಳಲ್ಲೇ ಅದನ್ನು ಮನೆಯಲ್ಲಿ ಬಿಟ್ಟು ಫೋನ್ ಹಿಡಿದು ಹೊರಡುತ್ತಾರೆ.

ಇದರ ನಿಜವಾದ ಶಕ್ತಿ ಫೋಕಸ್. ಮನುಷ್ಯರ ಕಣ್ಣು, ನಾಯಿ, ಬೆಕ್ಕು, ಹಕ್ಕಿ, ವಾಹನಗಳನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹೊಸಬರ ಹತ್ತು ಫೋಟೋಗಳಲ್ಲಿ ಅರ್ಧ ಹಾಳಾಗುತ್ತಿದ್ದದ್ದೇ ಫೋಕಸ್ ಮೂಗಿನ ಮೇಲೋ ಹಿಂದಿನ ಕೊಂಬೆಯ ಮೇಲೋ ಕೂತು. ಕಲಿಯುವವರಿಗೆ ಆ ಹೊರೆ ಇಳಿದರೆ ಬೆಳಕು ಮತ್ತು ಚೌಕಟ್ಟಿನ ಕಡೆ ಗಮನ ಕೊಡಲು ಪುರುಸೊತ್ತು ಸಿಗುತ್ತದೆ. ಪರದೆ ಪಕ್ಕಕ್ಕೆ ತೆರೆದು ತಿರುಗುತ್ತದೆ, ಬೆರಳಿನಿಂದ ಮುಟ್ಟಿ ಫೋಕಸ್ ಮಾಡಬಹುದು. ನೆಲಮಟ್ಟದ ಅಣಬೆ, ಕಪ್ಪೆಗಳ ಚಿತ್ರಕ್ಕೆ ಕೆಸರಿನಲ್ಲಿ ಮಲಗಬೇಕಿಲ್ಲ. ಇಂಬಳಗಳ ಕಾಲದಲ್ಲಿ ಇದು ಸಣ್ಣ ಸವಲತ್ತಲ್ಲ.

ಇನ್ನು ಕೊರತೆಗಳು. ಇವನ್ನು ಕೌಂಟರಿನಲ್ಲಿ ನಿಂತವರು ತಾವಾಗಿ ಹೇಳುವುದಿಲ್ಲ.

ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಲೆನ್ಸ್‌ನಲ್ಲಿದ್ದರೆ ಮಾತ್ರ ಉಂಟು. ಮಳೆ, ಧೂಳು ಒಳಹೋಗದಂತೆ ಸೀಲ್ ಮಾಡಿಲ್ಲ. ಮೋಡ್ ಡಯಲ್ ಬಿಟ್ಟರೆ ತಿರುಗಿಸುವ ಡಯಲ್ ಒಂದೇ ಇರುವುದರಿಂದ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಏರಿಸಿ ಇಳಿಸಲು ಬಟನ್ ಒತ್ತಿ ಆಮೇಲೆ ತಿರುಗಿಸಬೇಕು. ರಾ ಫೈಲಿನಲ್ಲಿ (ಸಂಸ್ಕರಿಸದ ದೊಡ್ಡ ಫೈಲ್) ಒಂದೇ ಸಮನೆ ಕ್ಲಿಕ್ಕಿಸಿದರೆ ಒಂದು ಸೆಕೆಂಡ್ ತುಂಬುವುದರೊಳಗೆ ಬಫರ್ ಎಂಬ ತಾತ್ಕಾಲಿಕ ಸ್ಮೃತಿ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಹಾರುವ ಹಕ್ಕಿಗೆ ಜೆಪೆಗ್‌ಗೋ ಕುಗ್ಗಿಸಿದ ಸಿ-ರಾಗೋ ಬದಲಿಸಿಕೊಳ್ಳಬೇಕು. ಮದುವೆ, ಉಪನಯನದ ಫೋಟೋ ತೆಗೆಯುವ ಆಸೆ ಇರುವವರು ಮುಖ್ಯವಾಗಿ ತಿಳಿದಿರಬೇಕಾದ್ದು ಫ್ಲ್ಯಾಶ್ ಕೂರಿಸುವ ಶೂ ಬಗ್ಗೆ. ಹಳೆಯ ಫ್ಲ್ಯಾಶ್‌ಗಳಿಗೆ ಬೇಕಾದ ನಡುವಿನ ಲೋಹದ ಬಿಂದು ಇದರಲ್ಲಿಲ್ಲ. ಸ್ಟುಡಿಯೋದವರಿಂದ ಎರವಲು ತಂದ ಫ್ಲ್ಯಾಶ್, ಅಗ್ಗದ ಟ್ರಿಗರ್ ಯಾವುದೂ ನೇರವಾಗಿ ಕೆಲಸ ಮಾಡುವುದಿಲ್ಲ. ಎಡಿ-ಇ1 ಎಂಬ ಅಡಾಪ್ಟರ್ ಬೇರೆಯಾಗಿ ಕೊಳ್ಳಬೇಕು. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸದ್ದಿಲ್ಲ ಎಂಬುದು ನಿಜ, ಆದರೆ ಎಲ್‌ಇಡಿ ದೀಪದ ಕೆಳಗೆ ಚಿತ್ರದ ಅಡ್ಡಕ್ಕೆ ಪಟ್ಟೆ ಪಟ್ಟೆ ಬರುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಈಗ ಬಹುಪಾಲು ಎಲ್‌ಇಡಿಯೇ. ಅಲ್ಲಿ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಶಟರ್‌ನಲ್ಲೇ (ಶುರು ಎಲೆಕ್ಟ್ರಾನಿಕ್, ಮುಗಿಸುವುದು ನಿಜವಾದ ಪರದೆ) ಇಟ್ಟು, ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಹಾಕಿಕೊಳ್ಳಿ. ಆದರೂ ಪಟ್ಟೆ ಕಂಡರೆ ಶಟರ್ ವೇಗ 1/100 ಸೆಕೆಂಡಿಗೆ ಇಳಿಸಿ. ನಮ್ಮ ವಿದ್ಯುತ್ 50 ಹರ್ಟ್ಸ್, ನೇರ ಲೈನಿನ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100ರಲ್ಲಿ ಒಂದು ಮಿನುಗು ಪೂರ್ತಿ ಒಳಗೆ ಸೇರುತ್ತದೆ.

ಇಷ್ಟಾದರೂ ಆರ್50 ಒಳ್ಳೆಯ ಬಾಡಿ. ತಪ್ಪಾಗುವುದು ಅದರ ಜೊತೆಗೆ ಯಾವ ಲೆನ್ಸ್ ಕೊಳ್ಳುತ್ತೇವೆ ಎಂಬಲ್ಲಿ.

ಬೆಳಕಿನ ಲೆಕ್ಕವನ್ನು ಒಮ್ಮೆ ನೋಡಿ. ಆಗುಂಬೆ ಕಡೆಯ ಕಾನಿನೊಳಗೆ, ಆಷಾಢದ ಮಧ್ಯಾಹ್ನ ಮೋಡ ಕಟ್ಟಿದಾಗ, ಮರಗಳ ಕೆಳಗಿನ ಬೆಳಕು ಹಗಲೇ ದೀಪ ಹಚ್ಚಿದ ನಡುಮನೆಯಷ್ಟಿರುತ್ತದೆ. 18-45 ಲೆನ್ಸ್ 45ಕ್ಕೆ ಎಳೆದಾಗ ಅದರ ಅತಿ ದೊಡ್ಡ ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿ, ಎಫ್ 6.3 (ಅಂಕಿ ಕಡಿಮೆಯಾದಷ್ಟೂ ಕಂಡಿ ದೊಡ್ಡದು). ಆ ಬೆಳಕಿನಲ್ಲಿ 1/60 ಸೆಕೆಂಡ್ ಸಿಗಬೇಕಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 3200 ಆಸುಪಾಸಿಗೆ ಹೋಗಬೇಕು. 1/60ರಲ್ಲಿ ಗಾಳಿಗೆ ಅಲ್ಲಾಡುವ ಎಲೆ, ನಡೆಯುವ ಮನುಷ್ಯ ಎರಡೂ ಕಲಸುತ್ತವೆ. ಲೆನ್ಸ್‌ನ ಐಎಸ್ ನಿಮ್ಮ ಕೈ ನಡುಕ ತಡೆಯುತ್ತದೆ, ಎದುರಿನ ವಸ್ತುವಿನ ಚಲನೆಯನ್ನು ತಡೆಯುವುದಿಲ್ಲ. ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಹಾಕಿದರೆ ಒಳಬರುವ ಬೆಳಕು 12 ಪಟ್ಟು. ಐಎಸ್‌ಒ 250ರ ಆಸುಪಾಸಿನಲ್ಲೇ ಅದೇ 1/60 ಸಿಗುತ್ತದೆ, ಅಥವಾ ಐಎಸ್‌ಒ 1000ಕ್ಕೆ ಏರಿಸಿ 1/250ರಲ್ಲಿ ನಡೆಯುವವರನ್ನು ನಿಲ್ಲಿಸಬಹುದು. ಎಷ್ಟು ದುಬಾರಿ ಬಾಡಿ ಕೊಂಡರೂ ಇಷ್ಟು ದೊಡ್ಡ ಲಾಭ ಸಿಗದು.

ಹಾಗಾಗಿ ಎರಡು ಲೆನ್ಸ್‌ನ ಕಿಟ್, ಅಂದರೆ 18-45 ಜೊತೆ 55-210 ಸೇರಿದ್ದನ್ನು ಎಲ್ಲರಿಗೂ ಶಿಫಾರಸು ಮಾಡಲಾಗದು. 18-45 ಕಿಟ್ ಮತ್ತು ಬೇರೆಯಾಗಿ ಆರ್‌ಎಫ್ 50 ಎಫ್ 1.8: ಮನೆ ಮಂದಿ, ಹಬ್ಬ, ಯಕ್ಷಗಾನ, ಒಳಾಂಗಣದ ಚಿತ್ರಗಳು ಮುಖ್ಯವಾಗಿರುವವರಿಗೆ ಇದು ಸರಿಯಾದ ಜೋಡಿ. 50 ಎಂಎಂ ಲೆನ್ಸ್ 160 ಗ್ರಾಂ ಮಾತ್ರ. ಇದರ ಒಂದು ತೊಡಕೆಂದರೆ ಈ ಸೆನ್ಸರ್‌ನಲ್ಲಿ 1.6 ಪಟ್ಟು ಬಿಗಿಯಾಗಿ 80 ಎಂಎಂನಂತೆ ಕಾಣುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಮುಖಕ್ಕೆ ಚೆನ್ನ, ಚಿಕ್ಕ ಕೋಣೆಯಲ್ಲಿ ಎಂಟು ಜನರ ಗುಂಪಿಗೆ ಸಾಲದು. ಸ್ವಲ್ಪ ಕಾಯಲು, ಹೆಚ್ಚು ಹಾಕಲು ಸಿದ್ಧರಿದ್ದರೆ ಬಾಡಿ ಮಾತ್ರ ಕೊಂಡು ಸಿಗ್ಮಾ ಕಂಪನಿಯ 18-50 ಎಫ್ 2.8 ಹಾಕುವುದು ಇನ್ನೂ ಒಳ್ಳೆಯದು. 2024ರಿಂದ ಇದು ಕ್ಯಾನನ್ ಆರ್‌ಎಫ್ ಮೌಂಟಿಗೂ (ಬಾಡಿಗೆ ಲೆನ್ಸ್ ಕೂರುವ ಅಳತೆ) ಸಿಗುತ್ತಿದೆ. ಜೂಮ್ ಎಷ್ಟೇ ಎಳೆದರೂ 2.8 ಉಳಿಯುತ್ತದೆ. ಆದರೆ ಅದರಲ್ಲಿ ಐಎಸ್ ಇಲ್ಲ, ಬಾಡಿಯಲ್ಲೂ ಇಲ್ಲ ಎಂಬುದು ನೆನಪಿರಲಿ. ಕೈಯಲ್ಲಿ ಹಿಡಿದು ವಿಡಿಯೋ ಮಾಡುವವರಿಗೆ ಇದು ಒಗ್ಗದು.

ಹಕ್ಕಿಗಳಿಗಾಗಿಯೇ ಕ್ಯಾಮೆರಾ ಕೊಳ್ಳುವವರ ಲೆಕ್ಕ ಬೇರೆ. ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ತುಂಗೆಯ ನಡುಗಡ್ಡೆಯ ಮರಗಳಲ್ಲಿ, ನಾವು ನಿಲ್ಲುವುದು ದಡದಲ್ಲಿ. 55-210 ಲೆನ್ಸ್ 336 ಎಂಎಂನಷ್ಟು ಹತ್ತಿರ ತರುತ್ತದೆ. ಬೆಳ್ಳಕ್ಕಿಗಳ ಗುಂಪು, ಮರ, ನೀರು ಸೇರಿದ ಚಿತ್ರಕ್ಕೆ ಅದು ಸಾಕು, ಒಂದೇ ಹಕ್ಕಿಯ ಕಣ್ಣು ಕಾಣುವಂಥ ಚಿತ್ರಕ್ಕೆ ಸಾಲದು. ಅದಕ್ಕೆ ಆರ್‌ಎಫ್ 100-400 ಬೇಕು: 635 ಗ್ರಾಂ, ಈ ಸೆನ್ಸರ್‌ನಲ್ಲಿ 640 ಎಂಎಂಗೆ ಸಮ. ತುದಿಯಲ್ಲಿ ಎಫ್ 8 ಆದ್ದರಿಂದ ಬೆಳಗಿನ ಒಳ್ಳೆ ಬಿಸಿಲು ಇರಲೇಬೇಕು. ಮಳೆ ನಡುವೆ ಹೊಳವಾದ ಹೊತ್ತು ನೋಡಿ ಹೋಗಬೇಕಾಗುತ್ತದೆ. ಈ ಲೆನ್ಸ್ ಹತ್ತಿರದ ವಸ್ತುವನ್ನೂ ದೊಡ್ಡದಾಗಿ ಹಿಡಿಯುತ್ತದೆ, 0.41 ಪಟ್ಟು. ಚಿಟ್ಟೆ, ಮರಗಪ್ಪೆಗಳಿಗೆ ಬೇರೆ ಮ್ಯಾಕ್ರೋ ಲೆನ್ಸ್ ಇಲ್ಲದೆಯೂ ಬಹಳ ದೂರ ಸಾಗಬಹುದು.

ಬೆಳ್ಳಕ್ಕಿಯ ವಿಷಯದಲ್ಲಿ ಹೊಸಬರೆಲ್ಲ ಎಡವುವ ಜಾಗ ಒಂದಿದೆ. ಹಿಂದೆ ಕಡುಹಸಿರು, ಮುಂದೆ ಹಾಲುಬಿಳಿ. ಕ್ಯಾಮೆರಾದ ಮೀಟರ್ ಕಡುಹಸಿರನ್ನು ನೋಡಿ ಚಿತ್ರವನ್ನು ಬೆಳಗಿಸುತ್ತದೆ, ಹಕ್ಕಿಯ ಗರಿಗಳೆಲ್ಲ ಅಳಿಸಿ ಬಿಳಿ ಕಾಗದವಾಗುತ್ತವೆ. ಎಕ್ಸ್‌ಪೋಷರ್ ಅನ್ನು ಮೈನಸ್ 1ರ ಆಸುಪಾಸಿಗೆ ಇಳಿಸಿ. ನೀರುಕಾಗೆಗೆ ಬೂದು ಆಕಾಶದ ಹಿನ್ನೆಲೆ ಇದ್ದರೆ ತಿರುಗುಮುರುಗು, ಪ್ಲಸ್ 1. ಮೋಡ್ ಡಯಲನ್ನು ಟಿವಿ (Tv, ಶಟರ್ ವೇಗ ನಾವೇ ಆರಿಸುವ ಮೋಡ್) ಗುರುತಿಗೆ ಇಟ್ಟು ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/1600, ಐಎಸ್‌ಒ ಆಟೋ. ಆಟೋ ಐಎಸ್‌ಒ ಮಿತಿಯನ್ನು 6400ಕ್ಕೆ ಕಟ್ಟಿಹಾಕಿ.

ಬೇರೆ ಯಾವುವು ಇವೆ? ಹಕ್ಕಿಯೇ ಮೊದಲ ಆದ್ಯತೆ, ಬಜೆಟ್ ಸ್ವಲ್ಪ ಹಿಗ್ಗುತ್ತದೆ ಎಂದರೆ 2024ರ ಕೊನೆಯಲ್ಲಿ ಬಂದ ನಿಕಾನ್ ಝಡ್50 ಟೂ ಆರ್50ಗಿಂತ ಮೇಲು. ಎರಡು ಡಯಲ್, ಗಟ್ಟಿ ಹಿಡಿತ, ಹಕ್ಕಿಗೆಂದೇ ಬೇರೆ ಫೋಕಸ್ ಆಯ್ಕೆ, ಸಾಮಾನ್ಯ ಫ್ಲ್ಯಾಶ್ ಕೂರುವ ಶೂ. 20.9 ಮೆಗಾಪಿಕ್ಸೆಲ್ ಎಂದು ಮೂಗು ಮುರಿಯಬೇಡಿ. ಅದರ ಜೊತೆಗಿನ 50-250 ಲೆನ್ಸ್ 405 ಗ್ರಾಂ, ಕೊನೆಯಲ್ಲಿ ಎಫ್ 6.3. ಕ್ಯಾನನ್‌ನ 55-210ರ 7.1ಕ್ಕಿಂತ ಬೆಳಕೂ ತುಸು ಹೆಚ್ಚು, ಉದ್ದವೂ ಹೆಚ್ಚು. ಕ್ಯಾಮೆರಾದ ತೂಕ ಮಾತ್ರ 550 ಗ್ರಾಂ, ಬ್ಯಾಟರಿ ಬೇಗ ಮುಗಿಯುತ್ತದೆ. ಕ್ಯಾನನ್‌ನಲ್ಲೇ ಇರಬೇಕೆಂದರೆ ಆರ್10 ನೋಡಿ, ಶೂ ಮತ್ತು ಡಯಲ್‌ನ ಎರಡೂ ಕೊರತೆ ಅದರಲ್ಲಿಲ್ಲ. ಆರ್100 ಬೇಡ. ಪರದೆ ತಿರುಗುವುದಿಲ್ಲ, ಮುಟ್ಟಿದರೆ ಕೆಲಸ ಮಾಡುವುದಿಲ್ಲ, ಫೋಕಸ್ ಹಳೆಯ ಪೀಳಿಗೆಯದು. ಉಳಿಯುವ ಹಣ ಅದಕ್ಕೆ ತಕ್ಕಷ್ಟಿಲ್ಲ. ಕ್ಯಾನನ್‌ನ ಡಿಎಸ್‌ಎಲ್‌ಆರ್ 1500ಡಿ ಹೊಸದಾಗಿ ಕೊಳ್ಳುವುದೂ ಬೇಡ. 9 ಫೋಕಸ್ ಬಿಂದು, ಸೆಕೆಂಡಿಗೆ 3 ಚಿತ್ರ, ಆ ಮೌಂಟಿಗೆ ಹೊಸ ಲೆನ್ಸ್ ಬರುತ್ತಿಲ್ಲ. ಕೈ ಬಿಗಿ ಇದ್ದವರು ಅದೇ ವರ್ಗದ ಹಳೆ ಡಿಎಸ್‌ಎಲ್‌ಆರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಉಳಿದ ದುಡ್ಡನ್ನು 50 ಎಫ್ 1.8ಕ್ಕೆ ಹಾಕಿದರೆ ಕಲಿಯಲು ಯಾವ ಅಡ್ಡಿಯೂ ಇಲ್ಲ. ಬರೀ ಗುಡ್ಡ, ಜಲಪಾತ, ಹಗಲಿನ ದೃಶ್ಯ ಸಾಕು ಎನ್ನುವವರಿಗೆ ಒಳ್ಳೆ ಫೋನೇ ಸಾಕು, ಕ್ಯಾಮೆರಾ ಬೇಕಿಲ್ಲ.

ಅಂಗಡಿಯಲ್ಲಿ ಮಾಡಬೇಕಾದ್ದು. ಡಬ್ಬಿಯ ಮೇಲಿನ ಸೀರಿಯಲ್ ನಂಬರ್, ಬಾಡಿಯ ಮೇಲಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಜಿಎಸ್‌ಟಿ ಬಿಲ್ ಇಲ್ಲದೆ "ಕಡಿಮೆಗೆ ಮಾಡಿಕೊಡ್ತೀನಿ ಸರ್" ಎಂದರೆ ಅದು ಹೊರದೇಶದಿಂದ ಬಂದ ಮಾಲಾಗಿರಬಹುದು, ಇಲ್ಲಿಯ ವಾರಂಟಿ ನಡೆಯುವುದಿಲ್ಲ. ರಿಪೇರಿಗೆ ಎಲ್ಲಿಗೆ ಕಳಿಸುತ್ತೀರಿ, ಕೊರಿಯರ್ ಖರ್ಚು ಯಾರದು ಎಂದು ಕೊಳ್ಳುವ ಮೊದಲೇ ಕೇಳಿ. ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಕೊಂಡರೆ ನಾಲ್ಕು ಕಾಸು ಹೆಚ್ಚಾದರೂ ತೊಂದರೆ ಬಂದಾಗ ಹೋಗಿ ನಿಲ್ಲಲು ಒಂದು ಕೌಂಟರ್ ಇರುತ್ತದೆ. ಆನ್‌ಲೈನ್ ಬೆಲೆ ತೋರಿಸಿ ಚೌಕಾಸಿ ಮಾಡುವುದರಲ್ಲಿ ತಪ್ಪಿಲ್ಲ. ಕ್ಯಾಮೆರಾ ಹಿಡಿದು ನೋಡದೆ ಮಾತ್ರ ತರಬೇಡಿ. ಕಿರುಬೆರಳು ಕೆಳಗೆ ಜೋತಾಡುತ್ತದೆಯೇ, ಕನ್ನಡಕ ಹಾಕಿದ್ದರೆ ವ್ಯೂಫೈಂಡರಿನ ನಾಲ್ಕು ಮೂಲೆ ಕಾಣುತ್ತದೆಯೇ ನೋಡಿ. ಆಮೇಲೆ ಬಿಳಿ ಗೋಡೆಯನ್ನು ಎಫ್ 16ರಲ್ಲಿ ತೆಗೆದು ಹಿಗ್ಗಿಸಿ, ಕರಿ ಚುಕ್ಕೆ ಇದ್ದರೆ ಸೆನ್ಸರ್ ಮೇಲೆ ಧೂಳಿದೆ. ಲೆನ್ಸಿಗೆ ಮುಚ್ಚಳ ಹಾಕಿ ಒಂದು ಸೆಕೆಂಡಿನ ಚಿತ್ರ ತೆಗೆಯಿರಿ, ಬಣ್ಣದ ಚುಕ್ಕೆ ಹೊಳೆದರೆ ಪಿಕ್ಸೆಲ್ ಕೆಟ್ಟಿದೆ. ಬೇರೆ ಪೀಸ್ ಕೇಳಿ.

ಜೊತೆಗೆ ಬೇಕಾದ್ದು ಹೆಚ್ಚಿಲ್ಲ. 64 ಜಿಬಿಯ ವಿ30 (ಬರೆಯುವ ವೇಗದ ಗುರುತು) ಎಸ್‌ಡಿ ಕಾರ್ಡ್ ಎರಡು. ಒಂದೇ ದೊಡ್ಡ ಕಾರ್ಡಿಗಿಂತ ಇದು ಕ್ಷೇಮ. ಅಗ್ಗದ ಕಾರ್ಡುಗಳಲ್ಲಿ ನಕಲಿ ಬಹಳ. 64 ಎಂದು ಬರೆದು ಒಳಗೆ 8 ಇರುತ್ತದೆ, ತುಂಬಿದ ಮೇಲೆ ಹಿಂದಿನ ಫೋಟೋ ಹಾಳಾಗುತ್ತವೆ. ಕೊಂಡ ದಿನವೇ ಕಂಪ್ಯೂಟರಿಗೆ ಹಾಕಿ ಪೂರ್ತಿ ತುಂಬಿಸಿ ನೋಡಿ. ಇನ್ನೊಂದು ಎಲ್‌ಪಿ-ಇ17 ಬ್ಯಾಟರಿ, ಸಾಧ್ಯವಾದರೆ ಕಂಪನಿಯದೇ. ಬೇರೆ ತಯಾರಿಕೆಯವನ್ನು ಈ ಕ್ಯಾಮೆರಾ ಹಲವು ಸಲ ಗುರುತಿಸದೆ ಎಚ್ಚರಿಕೆ ತೋರಿಸುತ್ತದೆ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದ ಊರುಗಳಿಗೆ ಯುಎಸ್‌ಬಿ-ಸಿ ಚಾರ್ಜಿಂಗ್ ವರದಾನವೇ ಸರಿ, ಆದರೆ ಚಾರ್ಜರ್ ಮತ್ತು ಪವರ್‌ಬ್ಯಾಂಕ್‌ನಲ್ಲಿ ಪಿಡಿ (ಪವರ್ ಡೆಲಿವರಿ) ಇರಬೇಕು. ಲೆನ್ಸ್ ಹುಡ್ ಡಬ್ಬಿಯಲ್ಲಿ ಬರುವುದಿಲ್ಲ, ಬೇರೆ ತೆಗೆದುಕೊಳ್ಳಿ. ಜಿಟಿಜಿಟಿ ಮಳೆಯಲ್ಲಿ ಮುಂದಿನ ಗಾಜಿಗೆ ಹನಿ ಬೀಳದಂತೆ ಕಾಯುವುದು ಅದೇ. ಪೋಲರೈಸರ್ ಫಿಲ್ಟರ್ ಒಂದು ಇರಲಿ, 18-45ಕ್ಕೆ 49 ಎಂಎಂ ಅಳತೆ. ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ತೆಗೆದು ಹಸಿರನ್ನು ಹೊರತರುತ್ತದೆ. ಬೆಳಕನ್ನೂ ಒಂದೂವರೆ ಸ್ಟಾಪ್‌ನಷ್ಟು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಜೋಗದಲ್ಲಿ ಅದೇ ಲಾಭ. ದಟ್ಟ ಮೋಡದ ಹೊತ್ತಿನಲ್ಲಿ ಟ್ರೈಪಾಡ್ ಮೇಲೆ ಎಫ್ 11, ಐಎಸ್‌ಒ 100 ಇಟ್ಟರೆ 1/3 ಸೆಕೆಂಡಿನ ಆಸುಪಾಸು ಬರುತ್ತದೆ, ನೀರು ನೂಲುನೂಲಾಗಿ ಇಳಿಯುತ್ತದೆ. ತುಂತುರು ಗಾಜಿಗೆ ಕೂರುತ್ತಲೇ ಇರುವುದರಿಂದ ಪ್ರತಿ ಚಿತ್ರಕ್ಕೂ ಮೊದಲು ಒರೆಸಬೇಕು, ಮೂರು ಮೈಕ್ರೋಫೈಬರ್ ಬಟ್ಟೆ ಜೇಬಿನಲ್ಲಿರಲಿ.

ಇನ್ನು ತೇವ. ಮಲೆನಾಡಿನಲ್ಲಿ ಕ್ಯಾಮೆರಾಗಳು ಬಿದ್ದು ಒಡೆಯುವುದಕ್ಕಿಂತ ಬೂಷ್ಟು ಹಿಡಿದು ಹಾಳಾಗುವುದು ಹೆಚ್ಚು. ಅದಕ್ಕೆ ಬೇಕಾದ್ದು ಕತ್ತಲೆ, ಆಡದ ಗಾಳಿ, ಶೇ. 65-70ಕ್ಕಿಂತ ಹೆಚ್ಚಿನ ತೇವಾಂಶ. ಮಳೆಗಾಲದ ನಮ್ಮ ಮನೆಗಳ ಗೋಡೆಬೀರು ಮೂರನ್ನೂ ಒಟ್ಟಿಗೆ ಒದಗಿಸುತ್ತದೆ. ಕ್ಯಾಮೆರಾ ಬ್ಯಾಗ್ ಅದಕ್ಕಿಂತ ಕೆಟ್ಟದು. ಒಳಗಿನ ಸ್ಪಂಜು ಒಮ್ಮೆ ತೇವ ಹೀರಿದರೆ ವಾರಗಟ್ಟಲೆ ಬಿಡುವುದಿಲ್ಲ. ಬ್ಯಾಗ್ ಹೊರಗೆ ಹೋಗುವಾಗ ಮಾತ್ರ. ಬಚ್ಚಲೊಲೆಯ ಪಕ್ಕ, ಅಡುಗೆಮನೆಯ ಅಟ್ಟದ ಮೇಲೆ ಬೆಚ್ಚಗಿರಲಿ ಎಂದು ಇಡುವುದೂ ಬೇಡ, ಹೊಗೆಯ ಜಿಡ್ಡು ಲೆನ್ಸಿನ ಗಾಜಿಗೆ ಅಂಟುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಾಯದಿಂದ ತೇವ ಇಳಿಯುವುದು ಅಷ್ಟಕ್ಕಷ್ಟೆ, ಹಿಟ್ಟಿನ ಧೂಳು ಮಾತ್ರ ಜೂಮ್ ರಿಂಗಿನೊಳಗೆ ಖಂಡಿತ ಸೇರುತ್ತದೆ.

ಮಾಡಬೇಕಾದ್ದು ಸುಲಭ, ಖರ್ಚೂ ಕಡಿಮೆ. ಮುಚ್ಚಳಕ್ಕೆ ರಬ್ಬರ್ ಅಂಚು ಇರುವ, ನಾಲ್ಕೂ ಕಡೆ ಕ್ಲಿಪ್ ಹಾಕುವ 10-12 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಪುಟ್ಟ ಡಿಜಿಟಲ್ ತೇವಮಾಪಕ. ಜೆಲ್ಲನ್ನು ತೆಳು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ ಕೆಳಗೆ ಇಡಿ, ಮೇಲೆ ಕ್ಯಾಮೆರಾ. ಮಾಪಕ ಶೇ. 40ರಿಂದ 50ರ ನಡುವೆ ನಿಲ್ಲಬೇಕು. 55 ದಾಟಿದರೆ ಜೆಲ್ ಸೋತಿದೆ ಎಂದು ಅರ್ಥ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯೊಳಗೆ ಹುರಿಯಲು ಒಳ್ಳೆಯದಲ್ಲ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕೈಯಾಡಿಸುತ್ತ, ಬಣ್ಣ ಮರಳುವವರೆಗೆ ಬಿಸಿ ಮಾಡಿ. ಉರಿ ಹೆಚ್ಚಾದರೆ ಕಾಳು ಕಪ್ಪಾಗಿ ಬಣ್ಣ ಸೂಚಿಸುವ ಗುಣವೇ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಾಗಿ ಹಾಕಿದರೆ ರಬ್ಬರಿಗೆ ಪೆಟ್ಟು. ಶೇ. 30ರ ಕೆಳಗೂ ಹೋಗಬಾರದು, ಹಿಡಿತದ ರಬ್ಬರ್, ಒಳಗಿನ ಗ್ರೀಸ್ ಒಣಗುತ್ತವೆ. ಮೂರು ನಾಲ್ಕು ಲೆನ್ಸ್ ಆದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ಯೋಚಿಸಬಹುದು. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಒಂದು ದಿನ ಚಿಂತೆಯಿಲ್ಲ, ಆಚೆಗೆ ಅದರೊಳಗೂ ಜೆಲ್ ಇಡಬೇಕು.

ಹೊರಗೆ ನೆನೆದು ಬಂದ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕಬೇಡಿ. ಸ್ವಿಚ್ ಆಫ್ ಮಾಡಿ, ಹತ್ತಿ ಟವೆಲಿನಿಂದ ಒತ್ತಿ ಒರೆಸಿ, ಬ್ಯಾಟರಿ ಮತ್ತು ಕಾರ್ಡ್ ತೆಗೆದು ಫ್ಯಾನಿನ ಕೆಳಗೆ ಒಂದೆರಡು ಗಂಟೆ ಇಡಿ. ಮೈ ಒದ್ದೆ ಇರುವಾಗ ಲೆನ್ಸ್ ಬಿಚ್ಚಿದರೆ ಅಂಚಿನ ನೀರು ಸೆನ್ಸರ್ ಕಡೆಗೇ ಇಳಿಯುತ್ತದೆ. ಎಸಿ ಕಾರಿನಲ್ಲಿ ಆಗುಂಬೆಗೆ ಹೋಗಿ ಇಳಿದೊಡನೆ ಕ್ಯಾಮೆರಾ ಹೊರತೆಗೆದರೆ ತಣ್ಣಗಿನ ಗಾಜಿನ ಮೇಲೆ ಮಂಜು ಕಟ್ಟುತ್ತದೆ, ಲೆನ್ಸಿನ ಒಳಗೂ ಕಟ್ಟಬಹುದು. ಜಿಪ್ ಕವರಿನಲ್ಲಿ ಮುಚ್ಚಿಟ್ಟು ಅರ್ಧ ಗಂಟೆ ಬಿಡಿ, ಅಥವಾ ಘಾಟಿಗೆ ಮೊದಲೇ ಎಸಿ ಆರಿಸಿ.

ತಿಂಗಳಿಗೊಮ್ಮೆ ಲೆನ್ಸ್ ಪರೀಕ್ಷೆ ಆಗಬೇಕು. ಕತ್ತಲೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಬೂಷ್ಟು ಶುರುವಾಗಿದೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗಲೂ ಇದೇ ಪರೀಕ್ಷೆ, ಮಾರುವವರ ಎದುರೇ ಮಾಡಿ. ಬೂಷ್ಟು ಕಂಡ ಲೆನ್ಸನ್ನು ಉಳಿದವುಗಳ ಡಬ್ಬಿಯಿಂದ ಅವತ್ತೇ ಬೇರೆ ಮಾಡಿ. ಬೇಗ ಗೊತ್ತಾದರೆ ಬಿಚ್ಚಿ ಒರೆಸಿ ಸರಿಮಾಡುತ್ತಾರೆ. ವರ್ಷ ಬಿಟ್ಟರೆ ಗಾಜಿನ ಲೇಪನವನ್ನೇ ತಿಂದುಹಾಕಿರುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. 18-45ರಂಥ ಕಿಟ್ ಲೆನ್ಸಿಗೆ ಆ ರಿಪೇರಿ ಮಾಡಿಸುವ ಬದಲು ಇನ್ನೊಂದು ಸೆಕೆಂಡ್ ಹ್ಯಾಂಡ್ ತರುವುದೇ ಲಾಭ. 100-400ಕ್ಕೋ ಸಿಗ್ಮಾಕ್ಕೋ ಆದರೆ ತಡಮಾಡದೆ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿ, ಖರ್ಚಿನ ಅಂದಾಜನ್ನು ಮೊದಲು ಬರಹದಲ್ಲಿ ಪಡೆಯಿರಿ.